ಮ್ಯಾಂಗೋ ಬೀದಿಯ ಮನೆ: ಅಮೆರಿಕದ ನಗರಗಳಲ್ಲಿ ಲ್ಯಾಟಿನಾ ಬಾಲ್ಯದ ಕಥನ

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿರುವ ಆರ್ತೆ ಪುಬ್ಲಿಕೊ ಎಂಬ ಸಣ್ಣ ಪ್ರಕಾಶನ ಸಂಸ್ಥೆಯು 1984ರಲ್ಲಿ ನೂರಕ್ಕೆ ತುಸು ಮೇಲ್ಪಟ್ಟ ಪುಟಗಳ ತೆಳುವಾದ ಪುಸ್ತಕವೊಂದನ್ನು ಹೊರತಂದಿತು. ಅದರ ಲೇಖಕಿ ಸ್ಯಾಂಡ್ರಾ ಸಿಸ್ನೆರೋಸ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಷಿಕಾಗೋದ ಬಡ ಕೇರಿಯೊಂದರಲ್ಲಿ ಬೆಳೆಯುವ ಮೆಕ್ಸಿಕನ್ ಮೂಲದ ಹುಡುಗಿಯೊಬ್ಬಳ ಒಂದು ವರ್ಷದ ಬದುಕೇ ಅದರ ವಸ್ತು. 'ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್' ಎಂಬ ಆ ಕೃತಿ ಇಂದಿನವರೆಗೆ 60 ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಗಿದೆ. ಇಪ್ಪತ್ತಕ್ಕೂ ಮಿಕ್ಕ ಭಾಷೆಗಳಿಗೆ ಅನುವಾದಗೊಂಡಿದೆ. ಅಮೆರಿಕದ ಶಾಲೆ, ಕಾಲೇಜುಗಳಲ್ಲಿ ಪಠ್ಯವಾಗಿ ನೆಲೆನಿಂತಿದೆ. ಆದರೂ ಅದೇ ದೇಶದ ಒಂದು ನಗರದಲ್ಲಿ, 2012ರ ಜನವರಿಯಲ್ಲಿ, ಈ ಪುಸ್ತಕವನ್ನು ಒಳಗೊಂಡಿದ್ದ ಇಡೀ ಪಠ್ಯಕ್ರಮವನ್ನೇ ರದ್ದುಪಡಿಸಲಾಯಿತು. ಹನ್ನೆರಡರ ಆಸುಪಾಸಿನ ಹುಡುಗಿಯೊಬ್ಬಳು ತನ್ನ ಬೀದಿಯ ಬಗ್ಗೆ ಹೇಳಿಕೊಂಡ ಮಾತುಗಳಿಗೆ ಇಷ್ಟು ಪ್ರೀತಿ ಮತ್ತು ಇಷ್ಟು ಅನುಮಾನ ಎರಡೂ ಒದಗಿದ್ದು ಏಕೆ ಎಂಬುದನ್ನು ಅರಿಯಲು ಆ ಬೀದಿಯೊಳಕ್ಕೇ ಹೋಗಬೇಕಾಗುತ್ತದೆ.

ಮೊದಲಿಗೆ ಕೆಲವು ಪದಗಳ ಪರಿಚಯ ಅಗತ್ಯ. ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ ಮೊದಲಾದ ಲ್ಯಾಟಿನ್ ಅಮೆರಿಕದ ನೆಲಗಳಿಂದ ಬಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ಕುಟುಂಬಗಳ ಗಂಡಸು 'ಲ್ಯಾಟಿನೊ', ಹೆಂಗಸು 'ಲ್ಯಾಟಿನಾ'. ಇವರಲ್ಲಿ ಮೆಕ್ಸಿಕನ್ ಮೂಲದವರು, ಅದರಲ್ಲೂ 1960ರ ದಶಕದ ಹಕ್ಕುಗಳ ಹೋರಾಟದೊಂದಿಗೆ ಗುರುತಿಸಿಕೊಂಡವರು, ತಮ್ಮನ್ನು 'ಚಿಕಾನೊ', 'ಚಿಕಾನಾ' ಎಂದು ಕರೆದುಕೊಂಡರು. ಇಂಥವರು ಒಟ್ಟಾಗಿ ವಾಸಿಸುವ ಊರಿನ ಭಾಗವೇ 'ಬಾರಿಯೊ'. ಕನ್ನಡದ 'ಕೇರಿ' ಈ ಪದಕ್ಕೆ ಹೆಚ್ಚು ಹತ್ತಿರ. ಒಂದೇ ಗೋಡೆಯ ಆಚೀಚೆ ಬದುಕುವ ಜನರ ನಂಟನ್ನು ನೆನೆದರೆ 'ವಠಾರ'ವೂ ಸಲ್ಲುತ್ತದೆ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಈ ಸಮುದಾಯದ ಸಂಖ್ಯೆ ಆರು ಕೋಟಿ ಇಪ್ಪತ್ತು ಲಕ್ಷವನ್ನು ದಾಟಿತ್ತು. ಷಿಕಾಗೋ ನಗರದಲ್ಲಂತೂ ಹತ್ತು ಜನರಲ್ಲಿ ಸುಮಾರು ಮೂವರು ಇವರೇ.

ಷಿಕಾಗೋಗೆ ಮೆಕ್ಸಿಕನ್ನರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ರೈಲುಮಾರ್ಗ, ಉಕ್ಕಿನ ಕಾರ್ಖಾನೆ ಮತ್ತು ಮಾಂಸ ಸಂಸ್ಕರಣೆಯ ದೊಡ್ಡಿಗಳು ಅವರನ್ನು ಕರೆಸಿಕೊಂಡವು. ನಗರದ ಪಶ್ಚಿಮ ಭಾಗದಲ್ಲಿ ನೆಲೆಯೂರಿದ್ದ ಅನೇಕ ಕುಟುಂಬಗಳು, 1960ರ ದಶಕದ ಆರಂಭದಲ್ಲಿ ಅಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ನಿರ್ಮಾಣಕ್ಕೆಂದು ಮನೆಗಳನ್ನು ಕೆಡವಿದಾಗ, ಪಿಲ್ಸೆನ್ ಎಂಬ ಭಾಗಕ್ಕೆ ಸರಿದವು. ಪೋರ್ಟೊ ರಿಕೊದವರು ಹಂಬೋಲ್ಟ್ ಪಾರ್ಕ್ ಸುತ್ತ ಸೇರಿದರು. 1966ರ ಜೂನ್‌ನಲ್ಲಿ ಪೊಲೀಸರು ಯುವಕನೊಬ್ಬನ ಮೇಲೆ ಗುಂಡು ಹಾರಿಸಿದ ಬಳಿಕ ಅಲ್ಲಿನ ಡಿವಿಷನ್ ಸ್ಟ್ರೀಟ್‌ನಲ್ಲಿ ಗಲಭೆ ಭುಗಿಲೆದ್ದಿತು. ಅದೇ ವರ್ಷ ಅದೇ ಹಂಬೋಲ್ಟ್ ಪಾರ್ಕ್‌ನಲ್ಲಿ ಮೆಕ್ಸಿಕನ್ ಕುಟುಂಬವೊಂದು ಕಡೆಗೂ ತನ್ನದೇ ಆದ ಮನೆಯನ್ನು ಖರೀದಿಸಿತು. ಆ ಮನೆಯ ಏಕೈಕ ಮಗಳೇ ಸ್ಯಾಂಡ್ರಾ.

ಏಳು ಮಕ್ಕಳಲ್ಲಿ ಒಬ್ಬಳು

ಸ್ಯಾಂಡ್ರಾ ಸಿಸ್ನೆರೋಸ್ ಜನಿಸಿದ್ದು 1954ರ ಡಿಸೆಂಬರ್ 20ರಂದು, ಷಿಕಾಗೋದಲ್ಲಿ. ತಂದೆ ಮೆಕ್ಸಿಕೊ ನಗರದಿಂದ ಬಂದವರು; ಸೋಫಾ, ಕುರ್ಚಿಗಳಿಗೆ ಮೆತ್ತೆ ಹೊದಿಸುವ ಕುಶಲಕರ್ಮಿ. ತಾಯಿ ಷಿಕಾಗೋದಲ್ಲೇ ಬೆಳೆದ ಮೆಕ್ಸಿಕನ್ ಮೂಲದವರು. ಆರು ಮಂದಿ ಗಂಡುಮಕ್ಕಳ ನಡುವೆ ಇವರೊಬ್ಬರೇ ಹೆಣ್ಣು. ತವರಿನ ಸೆಳೆತ ಹೆಚ್ಚಾದಾಗಲೆಲ್ಲ ತಂದೆ ಸಂಸಾರವನ್ನು ಮೆಕ್ಸಿಕೊ ನಗರಕ್ಕೆ ಕರೆದೊಯ್ಯುತ್ತಿದ್ದರು. ಮರಳಿದಾಗ ಹೊಸ ಬಾಡಿಗೆ ಮನೆ, ಹೊಸ ಶಾಲೆ. ಗೆಳತಿಯರು ಕೂಡಿಬರುವಷ್ಟರಲ್ಲಿ ಮತ್ತೆ ಹೊರಡುವ ಹೊತ್ತು.

ಮಗಳು ಕಾಲೇಜಿಗೆ ಹೋಗುತ್ತೇನೆಂದಾಗ ತಂದೆ ಅಡ್ಡಿ ಮಾಡಲಿಲ್ಲ. ಅದಕ್ಕೆ ಕಾರಣವನ್ನು ಸಿಸ್ನೆರೋಸ್ 'ಓನ್ಲಿ ಡಾಟರ್' ಎಂಬ ಪ್ರಬಂಧದಲ್ಲಿ ನಗುತ್ತಲೇ ವಿವರಿಸಿದ್ದಾರೆ: ಕಾಲೇಜು ಒಳ್ಳೆಯ ವರ ಸಿಗುವ ಜಾಗವೆಂದು ಅವರು ನಂಬಿದ್ದರಂತೆ. ತಮಗೆ ಏಳು ಮಕ್ಕಳೆಂದು ತಂದೆ ಸ್ಪ್ಯಾನಿಷ್‌ನಲ್ಲಿ ಹೇಳಿಕೊಳ್ಳುತ್ತಿದ್ದ ಮಾತು ಇಂಗ್ಲಿಷಿಗೆ ಬಂದಾಗ ಏಳು ಗಂಡುಮಕ್ಕಳೆಂದಾಗುತ್ತಿತ್ತು. ಸ್ಪ್ಯಾನಿಷ್‌ನ 'ಇಹೋಸ್' ಪದಕ್ಕೆ ಎರಡೂ ಅರ್ಥವಿರುವುದೇ ಇದರ ಮೂಲ. ಆ ಪುಟ್ಟ ತಪ್ಪು ಅನುವಾದದಲ್ಲಿ ತಾನು ಅಳಿಸಿಹೋಗುತ್ತಿದ್ದೆನೆಂಬ ಸಂಕಟ ಮಗಳದು. ಬಹುಕಾಲದ ನಂತರ ತಮ್ಮ ಕಥೆಯೊಂದರ ಸ್ಪ್ಯಾನಿಷ್ ಅನುವಾದವನ್ನು ಅವರು ತಂದೆಯ ಕೈಗಿತ್ತರು. ತಂದೆ ಟಿ.ವಿ. ಸದ್ದನ್ನು ಅಡಗಿಸಿ ಇಡೀ ಕಥೆಯನ್ನು ಓದಿ, ನೆಂಟರಿಗೆ ಹಂಚಲು ಇನ್ನಷ್ಟು ಪ್ರತಿಗಳು ಎಲ್ಲಿ ಸಿಗುತ್ತವೆ ಎಂದು ಕೇಳಿದರು. ಪ್ರಶಸ್ತಿಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿಲ್ಲವಾದರೂ ಸಿಸ್ನೆರೋಸ್ ಇದನ್ನು ಆ ವರ್ಷದ ದೊಡ್ಡ ಸಂತೋಷಗಳಲ್ಲೊಂದಾಗಿ ದಾಖಲಿಸಿದ್ದಾರೆ.

ಷಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಪದವಿ ಪಡೆದ ಅವರು, ಲೇಖಕರನ್ನು ತಯಾರು ಮಾಡುವುದರಲ್ಲಿ ಹೆಸರಾದ ಅಯೋವಾ ರೈಟರ್ಸ್ ವರ್ಕ್‌ಷಾಪ್ ಸೇರಿದರು. ಅಲ್ಲಿ ನಡೆದ ಒಂದು ತರಗತಿಯೇ ಮ್ಯಾಂಗೋ ಬೀದಿಯ ಬೀಜ. ಫ್ರೆಂಚ್ ಚಿಂತಕ ಗಾಸ್ತೋಂ ಬಾಶ್ಲಾರ್ ಬರೆದ, ಮನೆಯನ್ನು ಕಲ್ಪನೆ ಮತ್ತು ನೆನಪುಗಳ ನೆಲೆಯಾಗಿ ಕಾಣುವ ಗ್ರಂಥದ ಚರ್ಚೆ ನಡೆದಿತ್ತು. ಸಹಪಾಠಿಗಳು ಅಟ್ಟ, ನೆಲಮಾಳಿಗೆ, ಮೆಟ್ಟಿಲುಗಳ ಬಗ್ಗೆ ಸಲೀಸಾಗಿ ಮಾತನಾಡುತ್ತಿದ್ದರು. ಸಿಸ್ನೆರೋಸ್‌ಗೆ ನೆನಪಾದದ್ದು ಬಣ್ಣ ಸುಲಿದ ಬಾಡಿಗೆ ಮನೆಗಳು. ಕನಸು ಕಾಣಲು ಒಂದು ಮೂಲೆಯೂ ಇಲ್ಲದ ಕೋಣೆಗಳು. ತನ್ನಂಥವಳ ಮನೆ ಈ ಗ್ರಂಥದಲ್ಲಿಲ್ಲ ಎಂಬ ಅರಿವು ಮೊದಲು ನಾಚಿಕೆಯಾಗಿ, ಬಳಿಕ ಸಿಟ್ಟಾಗಿ, ಕೊನೆಗೆ ಬರವಣಿಗೆಯಾಗಿ ಹೊರಬಂದಿತು. ತರಗತಿಯ ಬೇರೆ ಯಾರೂ ಬರೆಯಲಾಗದ್ದು ತನ್ನಲ್ಲಿದೆ ಎಂಬುದನ್ನು ಅವರು ಕಂಡುಕೊಂಡದ್ದು ಅಲ್ಲಿ. ಅದೇ ಕಾಲಕ್ಕೆ ಅಲ್ಲಿ ಓದುತ್ತಿದ್ದು ಅಷ್ಟೇ ಹೊರಗಿನವರೆನಿಸಿಕೊಂಡ ಇನ್ನೊಬ್ಬರು ಜಾಯ್ ಹಾರ್ಜೊ. ಆ ಮೂಲನಿವಾಸಿ ಕವಯಿತ್ರಿ 2019ರಲ್ಲಿ ಅಮೆರಿಕದ ರಾಷ್ಟ್ರಕವಿ ಪದವಿಗೇರಿದರು.

1978ರಲ್ಲಿ ಷಿಕಾಗೋಗೆ ಮರಳಿದ ಸಿಸ್ನೆರೋಸ್, ಓದು ಬಿಟ್ಟ ಲ್ಯಾಟಿನೊ ಹದಿಹರೆಯದವರಿಗಾಗಿ ನಡೆಯುತ್ತಿದ್ದ ಶಾಲೆಯಲ್ಲಿ ಪಾಠ ಹೇಳಿದರು. ಆತ್ಮಕಥನದ ಧಾಟಿಯಲ್ಲಿ ಆರಂಭವಾಗಿದ್ದ ಬರಹದ ದಿಕ್ಕು ಬದಲಾದದ್ದು ಈ ಉದ್ಯೋಗದಿಂದ. ತರಗತಿಯ ಹುಡುಗಿಯರ ಬದುಕಿನ ಮುಂದೆ ತಮ್ಮ ಬಾಲ್ಯ ಸುಖದ್ದೆಂದು ಅವರಿಗೆ ತೋರಿತು. ಹೊಡೆತ ತಿನ್ನುವವರು, ಹದಿನೈದಕ್ಕೇ ತಾಯಂದಿರಾದವರು, ಮನೆಯಿಂದ ಹೊರಬರಲು ಅಪ್ಪಣೆಯಿಲ್ಲದವರು ಒಬ್ಬೊಬ್ಬರಾಗಿ ಹಸ್ತಪ್ರತಿಯೊಳಕ್ಕೆ ಬಂದರು. ಪುಸ್ತಕ ಪೂರ್ಣಗೊಂಡದ್ದು ಗ್ರೀಸ್ ದೇಶದ ಹೈಡ್ರಾ ದ್ವೀಪದಲ್ಲಿ, ಸರ್ಕಾರಿ ಕಲಾ ಫೆಲೋಶಿಪ್ ಹಣದ ನೆರವಿನಿಂದ. ಅದನ್ನು ಅವರು ಅರ್ಪಿಸಿರುವುದು ಹೆಂಗಸರಿಗೆ.

ಬೀದಿಯೊಳಗೆ

ಕಾದಂಬರಿಯಲ್ಲಿ 44 ತುಣುಕುಗಳಿವೆ. ಕೆಲವು ಅರ್ಧ ಪುಟ, ಕೆಲವು ಮೂರು ನಾಲ್ಕು ಪುಟ. ಪ್ರತಿಯೊಂದಕ್ಕೂ ಅದರದೇ ಶೀರ್ಷಿಕೆ. ಒಂದನ್ನೇ ಆರಿಸಿ ಓದಿದರೂ ಅರ್ಥವಾಗುವಂತೆ, ಎಲ್ಲವನ್ನೂ ಓದಿದರೆ ಒಂದೇ ಕಥೆಯಾಗುವಂತೆ ಅವನ್ನು ಹೆಣೆಯಲಾಗಿದೆ. ಅರ್ಜೆಂಟೀನಾದ ಬೋರ್ಹೆಸ್‌ರ ಕಿರು ಗದ್ಯ ಮತ್ತು ಚಿಲಿ ದೇಶದ ನಿಕನೋರ್ ಪಾರ್ರಾರ ಕಾವ್ಯ ತಮಗೆ ದಾರಿ ತೋರಿದವೆಂದು ಸಿಸ್ನೆರೋಸ್ ಹೇಳಿಕೊಂಡಿದ್ದಾರೆ. ಷಿಕಾಗೋದಲ್ಲಿಯೇ ಇದಕ್ಕೊಂದು ಪೂರ್ವಜ ಕೃತಿಯೂ ಇದೆ: ಕಪ್ಪು ವರ್ಣೀಯ ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ 1953ರಲ್ಲಿ ಪ್ರಕಟಿಸಿದ 'ಮಾಡ್ ಮಾರ್ಥಾ', ಇದೇ ರೀತಿ ಸಣ್ಣ ತುಣುಕುಗಳಲ್ಲಿ ಹುಡುಗಿಯೊಬ್ಬಳು ಹೆಂಗಸಾಗುವುದನ್ನು ಚಿತ್ರಿಸುತ್ತದೆ.

ಕಥೆ ಹೇಳುವವಳು ಎಸ್ಪೆರಾನ್ಸಾ ಕೊರ್ಡೆರೊ. ಅಪ್ಪ, ಅಮ್ಮ, ತಮ್ಮಂದಿರಾದ ಕಾರ್ಲೋಸ್ ಮತ್ತು ಕೀಕಿ, ತಂಗಿ ನೆನ್ನಿ ಇವರ ಸಂಸಾರ ಒಂದರ ಹಿಂದೊಂದು ಬಾಡಿಗೆ ಮನೆ ಬದಲಿಸಿ ಮ್ಯಾಂಗೋ ಬೀದಿಗೆ ಬಂದಿದೆ. ಮನೆ ಸ್ವಂತದ್ದೇನೋ ಹೌದು. ಆದರೆ ಟಿ.ವಿ.ಯಲ್ಲಿ ಕಂಡ, ಅಪ್ಪ ಲಾಟರಿ ಟಿಕೆಟ್ ಹಿಡಿದು ವರ್ಣಿಸುತ್ತಿದ್ದ ಬಿಳಿಯ ಮನೆ ಇದಲ್ಲ. ಕೆಂಪಗೆ, ಚಿಕ್ಕದಾಗಿ, ಇಟ್ಟಿಗೆ ಉದುರುತ್ತಿರುವ, ಒಂದೇ ಬಚ್ಚಲಿನ ಮನೆ. ಹಿಂದಿನ ಬಾಡಿಗೆ ಮನೆಯನ್ನು ಕಂಡ ಶಾಲೆಯ ಸನ್ಯಾಸಿನಿಯೊಬ್ಬರು ನೀನು ಅಲ್ಲಿಯೇ ವಾಸಿಸುವುದೇ ಎಂದು ಅಚ್ಚರಿಪಟ್ಟ ಗಳಿಗೆಯನ್ನು ಹುಡುಗಿ ಮರೆತಿಲ್ಲ. ಬೆರಳು ತೋರಿಸಿ ಹೇಳಬಹುದಾದ ಮನೆಯೊಂದು ಬೇಕೆಂಬ ಆಸೆ ಅವಳಲ್ಲಿ ಮೊಳೆತದ್ದು ಅಲ್ಲಿಂದ.

ಅವಳ ಹೆಸರಿನಲ್ಲಿಯೇ ಒಂದು ಕಥೆಯಿದೆ. 'ಎಸ್ಪೆರಾನ್ಸಾ' ಎಂದರೆ ಸ್ಪ್ಯಾನಿಷ್‌ನಲ್ಲಿ ಭರವಸೆ. ಅದರ ಧಾತುವಿಗೆ ಕಾಯುವುದು ಎಂಬ ಅರ್ಥವೂ ಉಂಟು. ಕನ್ನಡದ 'ನಿರೀಕ್ಷೆ' ಎಂಬ ಒಂದೇ ಪದ ಈ ಎರಡನ್ನೂ ಹಿಡಿಯಬಲ್ಲದು. ಹೆಸರು ಮುತ್ತಜ್ಜಿಯಿಂದ ಬಂದದ್ದು. ಯಾರಿಗೂ ಬಗ್ಗದಿದ್ದ ಆ ಹೆಣ್ಣನ್ನು ಮುತ್ತಜ್ಜ ತಲೆಗೆ ಗೋಣಿ ಮುಚ್ಚಿ ಹೊತ್ತೊಯ್ದನಂತೆ. ಆಮೇಲೆ ಅವಳು ಬದುಕಿಡೀ ಕಿಟಕಿಯ ಬಳಿ ಕುಳಿತು ಕಳೆದಳು. ಹೆಸರು ತನಗೆ ಬಂದಿರಲಿ, ಆ ಕಿಟಕಿಯ ಜಾಗ ಮಾತ್ರ ಬೇಡವೆಂಬುದು ಹುಡುಗಿಯ ನಿಲುವು.

ಆದರೆ ಮ್ಯಾಂಗೋ ಬೀದಿಯುದ್ದಕ್ಕೂ ಇರುವುದು ಕಿಟಕಿಗಳೇ. ಚೆಲುವೆಯೆಂಬ ಕಾರಣಕ್ಕೆ ರಫಯೇಲಾಳನ್ನು ಅವಳ ಗಂಡ ಮನೆಯೊಳಗಿಟ್ಟು ಬೀಗ ಹಾಕುತ್ತಾನೆ. ಅವನು ಡೊಮಿನೊ ಆಡಲು ಹೋಗುವ ಮಂಗಳವಾರಗಳಂದು ಅವಳು ಕಿಟಕಿಯಿಂದ ಮಕ್ಕಳಿಗೆ ಒಂದು ಡಾಲರ್ ಎಸೆದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಕಟ್ಟಿದ ಚೀಲವನ್ನು ಇಳಿಬಿಟ್ಟು, ತೆಂಗಿನ ಅಥವಾ ಪಪ್ಪಾಯಿಯ ರಸವನ್ನು ಮೇಲಕ್ಕೆಳೆದುಕೊಳ್ಳುತ್ತಾಳೆ. ಅಷ್ಟೇ ಅವಳ ಹೊರಲೋಕ. ಎಸ್ಪೆರಾನ್ಸಾಗಿಂತ ತುಸು ದೊಡ್ಡವಳಾದ ಮಿನರ್ವಾಗೆ ಆಗಲೇ ಎರಡು ಮಕ್ಕಳು. ಬಿಟ್ಟುಹೋಗುತ್ತ, ಮತ್ತೆ ಬರುತ್ತ ಇರುವ ಗಂಡ. ಮಕ್ಕಳು ಮಲಗಿದ ಮೇಲೆ ಅವಳು ಪುಟ್ಟ ಕಾಗದದ ಚೂರುಗಳಲ್ಲಿ ಕವಿತೆ ಬರೆಯುತ್ತಾಳೆ. ಎದುರು ಮನೆಯ ಮೂರನೇ ಮಹಡಿಯ ಹೆಂಗಸೊಬ್ಬಳನ್ನು ಅವಳ ಗಂಡ ಎರಡು ಕಡೆ ದುಡಿದು, ಹಣ ಕೂಡಿಹಾಕಿ ತನ್ನ ದೇಶದಿಂದ ಕರೆಸಿಕೊಂಡಿದ್ದಾನೆ. ಇಂಗ್ಲಿಷ್ ಬಾರದ ಅವಳು ಕೆಳಗಿಳಿಯುವುದೇ ಇಲ್ಲ. ತನ್ನೂರಿನ ಹಾಡು ಕೇಳುತ್ತ ಮರುಗುತ್ತಾಳೆ. ಒಂದು ದಿನ ಅವಳ ಕೂಸು ಟಿ.ವಿ.ಯಲ್ಲಿ ಕೇಳಿದ ಪೆಪ್ಸಿ ಜಾಹೀರಾತನ್ನು ಇಂಗ್ಲಿಷಿನಲ್ಲಿ ಗುನುಗತೊಡಗುತ್ತದೆ. ವಲಸೆ ಬಂದವರ ಮನೆಯಲ್ಲಿ ಭಾಷೆ ಕೈಜಾರುವ ಗಳಿಗೆಯನ್ನು ಇಷ್ಟು ಕಡಿಮೆ ಮಾತುಗಳಲ್ಲಿ, ಇಷ್ಟು ನೋವಿನಿಂದ ಹಿಡಿದ ಬರಹಗಳು ವಿರಳ. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡದ ತಾಯಂದಿರಿಗೆ ಇದರ ವಿವರಣೆ ಬೇಕಾಗದು.

ಎಲ್ಲ ಹೆಣ್ಣುಗಳೂ ಕಿಟಕಿಯಲ್ಲೇ ಉಳಿದವರಲ್ಲ. ತಾಯಿಯನ್ನು ಕಳೆದುಕೊಂಡ ಅಲಿಸಿಯಾ, ಮುಂಜಾನೆ ಎದ್ದು ತಂದೆಗೆ ಟೋರ್ಟಿಯಾ ತಟ್ಟಿ, ಎರಡು ರೈಲು ಮತ್ತು ಒಂದು ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಹೋಗುತ್ತಾಳೆ. ಎಸ್ಪೆರಾನ್ಸಾಳ ಅಮ್ಮನಿಗೆ ಎರಡು ಭಾಷೆ ಬರುತ್ತದೆ, ಆಪರಾ ಹಾಡಲು ಬರುತ್ತದೆ, ಟಿ.ವಿ. ರಿಪೇರಿಯೂ ಗೊತ್ತು, ಪೇಟೆಗೆ ಹೋಗಲು ಯಾವ ರೈಲು ಹತ್ತಬೇಕೆಂಬುದು ಮಾತ್ರ ತಿಳಿಯದು. ಒಳ್ಳೆಯ ಬಟ್ಟೆಯಿಲ್ಲವೆಂಬ ನಾಚಿಕೆಯಿಂದ ಶಾಲೆ ಬಿಟ್ಟೆನೆಂದು ಆಕೆ ಅಡುಗೆಮನೆಯಲ್ಲಿ ನಿಂತು ಮಗಳಿಗೆ ಹೇಳುವ ತುಣುಕು ಒಂದೆರಡು ಪುಟದ್ದು. ಪುಸ್ತಕದ ಅತ್ಯುತ್ತಮ ಭಾಗ ಅದೇ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ.

ಗಂಡಸರ ಚಿತ್ರಗಳೂ ಇವೆ. ಕತ್ತಲಲ್ಲೇ ಎದ್ದು ದುಡಿಯಲು ಹೋಗುವ ಅಪ್ಪ ತನ್ನ ತಂದೆಯ ಸಾವಿನ ಸುದ್ದಿ ಕೇಳಿ ಮಗಳೆದುರು ಅಳುತ್ತಾನೆ. ನೃತ್ಯಕ್ಕೆ ಬಂದು, ಅದೇ ರಾತ್ರಿ ವಾಹನ ಬಡಿದು ಸಾಯುವ ಗೆರಾಲ್ಡೊ ಎಂಬಾತನ ಅಡ್ಡಹೆಸರು ಯಾರಿಗೂ ಗೊತ್ತಿಲ್ಲ. ಊರಿನಲ್ಲಿ ಹಣದ ದಾರಿ ಕಾಯುವ ಮನೆಯವರಿಗೆ ಅವನು ಏನಾದನೆಂಬುದು ಎಂದೂ ತಿಳಿಯದು.

ಹಗುರ ಆಟಗಳಿಂದ ಆರಂಭವಾಗುವ ಪುಸ್ತಕ ಮುಂದುವರಿದಂತೆ ಕಪ್ಪಾಗುತ್ತದೆ. ಯಾರೋ ಕೊಟ್ಟ ಎತ್ತರದ ಹಿಮ್ಮಡಿಯ ಬೂಟುಗಳನ್ನು ಧರಿಸಿ ಎಸ್ಪೆರಾನ್ಸಾ, ಲೂಸಿ ಮತ್ತು ರೇಚಲ್ ಬೀದಿಯಲ್ಲಿ ಮೆರೆಯುತ್ತಾರೆ. ಗಂಡಸರ ನೋಟ ತಾಕಿದೊಡನೆ ಆಟ ಭಯವಾಗುತ್ತದೆ. ಮೊದಲ ಕೆಲಸದ ಮೊದಲ ದಿನವೇ ವಯಸ್ಸಾದ ಗಂಡಸೊಬ್ಬ ಅವಳನ್ನು ಹಿಡಿದು ಮುತ್ತಿಡುತ್ತಾನೆ. ಗೆಳತಿ ಸ್ಯಾಲಿ ತಂದೆಯ ಹೊಡೆತಕ್ಕೆ ಹೆದರಿ ಬದುಕುವವಳು. ಅವಳು ಬರುವುದನ್ನು ಕಾಯುತ್ತ ಜಾತ್ರೆಯಲ್ಲಿ ಒಬ್ಬಳೇ ನಿಂತಿದ್ದಾಗ ಎಸ್ಪೆರಾನ್ಸಾಳ ಮೇಲೆ ಹುಡುಗರು ಅತ್ಯಾಚಾರವೆಸಗುತ್ತಾರೆ. ಸಿಸ್ನೆರೋಸ್ ಇಲ್ಲಿ ಘಟನೆಯನ್ನು ವಿವರಿಸುವುದಿಲ್ಲ. ಪ್ರೇಮದ ಬಗ್ಗೆ ಪುಸ್ತಕಗಳೂ ಸಿನಿಮಾಗಳೂ ದೊಡ್ಡವರೂ ತನಗೆ ಸುಳ್ಳು ಹೇಳಿದರೆಂಬ ಹುಡುಗಿಯ ದೂರು ಮಾತ್ರ ಕೇಳಿಸುತ್ತದೆ. ಸ್ಯಾಲಿಯಾದರೋ ಎಂಟನೇ ತರಗತಿ ಮುಗಿಸುವ ಮೊದಲೇ ಮದುವೆಯಾಗಿ ಇನ್ನೊಂದು ಬಗೆಯ ಬೀಗದೊಳಗೆ ಸೇರಿಕೊಳ್ಳುತ್ತಾಳೆ.

ಭಾಷೆಯ ಬಗ್ಗೆ ಒಂದು ಮಾತು. ಕೃತಿಯಲ್ಲಿ ಸಂಭಾಷಣೆಗೆ ಉದ್ಧರಣ ಚಿಹ್ನೆಗಳಿಲ್ಲ. ವಾಕ್ಯಗಳು ಪುಟ್ಟವು, ಪದಗಳು ಮಕ್ಕಳಿಗೂ ತಿಳಿಯುವಂಥವು. ಇಂಗ್ಲಿಷಿನಲ್ಲೇ ಬರೆದಿದ್ದರೂ ಅದರ ಲಯ ಅನೇಕ ಕಡೆ ಸ್ಪ್ಯಾನಿಷ್‌ನದು. ಮೆಕ್ಸಿಕೊದ ಹಿರಿಯ ಲೇಖಕಿ ಎಲೆನಾ ಪೊನಿಯಾತೊವ್ಸ್ಕಾ 1994ರಲ್ಲಿ ಇದನ್ನು ಸ್ಪ್ಯಾನಿಷ್‌ಗೆ ತಂದಾಗ, ಕಥೆ ತನ್ನ ಅಜ್ಜಿಯ ಭಾಷೆಗೆ ಮರಳಿದಂತಾಯಿತು. ಅಂದಹಾಗೆ, 'ಮ್ಯಾಂಗೋ' ಎಂಬ ಪದವೇ ಪೋರ್ಚುಗೀಸರು ಮಲಬಾರ್ ತೀರದಿಂದ ಒಯ್ದ 'ಮಾಂಗ'ದಿಂದ ಹುಟ್ಟಿದ್ದು. ಮಾವು ಬೆಳೆಯದ ಷಿಕಾಗೋದಲ್ಲಿ ಬೀದಿಯೊಂದಕ್ಕೆ ಆ ಹೆಸರಿಟ್ಟದ್ದು ದ್ರಾವಿಡ ಭಾಷೆಗಳ ಓದುಗರಿಗೆ ಕುತೂಹಲದ ಸಂಗತಿ.

ಹೋಗುವುದು, ಮರಳುವುದು

ಪುಸ್ತಕ ಬಂದ ಹೊಸತರಲ್ಲಿ ಆಕ್ಷೇಪಗಳೂ ಬಂದವು. ಎಸ್ಪೆರಾನ್ಸಾಗೆ ಬೇಕಿರುವುದು ತನ್ನೊಬ್ಬಳದೇ ಮನೆ. ಕೇರಿಯನ್ನು ಬಿಟ್ಟು ಮೇಲೇರುವ ಬಯಕೆ ಸಮುದಾಯದ ಹೋರಾಟಕ್ಕೆ ಬೆನ್ನು ತೋರಿಸಿದಂತೆ ಎಂದು ಕೆಲವು ಚಿಕಾನೊ ವಿಮರ್ಶಕರು ವಾದಿಸಿದರು. ತಮ್ಮ ಗಂಡಸರನ್ನು ಹೊರಗಿನವರ ಮುಂದೆ ಕೆಟ್ಟವರನ್ನಾಗಿ ತೋರಿಸಲಾಗಿದೆ ಎಂಬ ಅಸಮಾಧಾನವೂ ಇತ್ತು. ಬಿಳಿಯರ ಸಮಾಜದಿಂದ ಮೊದಲೇ ಅವಮಾನ ಉಂಡ ಸಮುದಾಯದಲ್ಲಿ ಈ ಅಳುಕು ಸಹಜ. ಆದರೆ ಮನೆಯ ಮಾನದ ಹೆಸರಿನಲ್ಲಿ ಬಾಯಿ ಕಟ್ಟಬೇಕಾದವರು ಯಾವಾಗಲೂ ಹೆಣ್ಣುಮಕ್ಕಳೇ ಎಂಬ ಪ್ರಶ್ನೆಗೆ ಆ ಆಕ್ಷೇಪದಲ್ಲಿ ಉತ್ತರವಿರಲಿಲ್ಲ.

ವಾಸ್ತವವಾಗಿ ಕಾದಂಬರಿಯೇ ಈ ವಾದವನ್ನು ಮುಂಚಿತವಾಗಿ ಎದುರಿಸಿದೆ. ಲೂಸಿ, ರೇಚಲ್‌ರ ಪುಟ್ಟ ತಂಗಿ ತೀರಿಕೊಂಡಾಗ ಬಂದ ಮೂವರು ಮುದುಕಿಯರು ಎಸ್ಪೆರಾನ್ಸಾಳನ್ನು ಹತ್ತಿರ ಕರೆದು, ಅವಳ ಮನದ ಬಯಕೆಯನ್ನು ಓದಿದವರಂತೆ, ಹೋದವಳು ಮರಳಿ ಬರಬೇಕು, ಅಷ್ಟು ಸುಲಭವಾಗಿ ಹೋಗಲಾಗದ ಉಳಿದವರಿಗಾಗಿ ಬರಬೇಕು ಎಂದು ಹೇಳುತ್ತಾರೆ. ಬೀದಿ ಸುಧಾರಿಸುವವರೆಗೆ ಬರುವುದಿಲ್ಲ ಎಂದು ಹುಡುಗಿ ಹಟ ಹಿಡಿದಾಗ, ಸುಧಾರಿಸುವವರು ಯಾರು, ಮೇಯರ್ ಬರುತ್ತಾನೆಯೇ ಎಂದು ಅಲಿಸಿಯಾ ಕೇಳುತ್ತಾಳೆ. ಮೇಯರ್ ಮ್ಯಾಂಗೋ ಬೀದಿಗೆ ಬರುವುದನ್ನು ನೆನೆದೇ ಎಸ್ಪೆರಾನ್ಸಾಗೆ ನಗು ಬರುತ್ತದೆ.

ಪುಸ್ತಕದ ಪ್ರಯಾಣ ನಿಧಾನದ್ದು. 1985ರಲ್ಲಿ ಬಿಫೋರ್ ಕೊಲಂಬಸ್ ಪ್ರತಿಷ್ಠಾನದ ಅಮೆರಿಕನ್ ಬುಕ್ ಅವಾರ್ಡ್ ಬಂದಿತಾದರೂ ಓದುಗರು ಹೆಚ್ಚಿದ್ದು ಅಧ್ಯಾಪಕರ ಮೂಲಕ, ಕೈಯಿಂದ ಕೈಗೆ. 1991ರಲ್ಲಿ ವಿಂಟೇಜ್ ಸಂಸ್ಥೆ ಮರುಮುದ್ರಿಸಿದ ಬಳಿಕ ಅದು ದೇಶದೆಲ್ಲೆಡೆ ಹರಡಿತು. ಅದೇ ವರ್ಷ ರ‍್ಯಾಂಡಮ್ ಹೌಸ್ ಮೂಲಕ ಅವರ ಕಥಾಸಂಕಲನ 'ವುಮನ್ ಹಾಲರಿಂಗ್ ಕ್ರೀಕ್' ಹೊರಬಂದಿತು. ದೊಡ್ಡ ಪ್ರಕಾಶಕರ ಬಾಗಿಲು ತೆರೆಸಿದ ಮೊದಲ ಚಿಕಾನಾ ಲೇಖಕಿಯರಲ್ಲಿ ಅವರೊಬ್ಬರು. 1995ರಲ್ಲಿ ಮೆಕಾರ್ಥರ್ ಫೆಲೋಶಿಪ್ ದೊರೆಯಿತು.

ಇದೇ ದಾರಿಯ ಇತರರು

ಸಿಸ್ನೆರೋಸ್ ಈ ಬಗೆಯ ಕಥನಕ್ಕೆ ಮೊದಲಿಗರಲ್ಲ. ನ್ಯೂಯಾರ್ಕ್‌ನ ಪೋರ್ಟೊ ರಿಕನ್ ಕೇರಿಯಲ್ಲಿ ಬೆಳೆದ ನಿಕೊಲಾಸಾ ಮೋರ್ 1973ರಲ್ಲೇ 'ನಿಲ್ಡಾ' ಕಾದಂಬರಿಯನ್ನು ಬರೆದಿದ್ದರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ಸರ್ಕಾರಿ ನೆರವಿನ ಕಚೇರಿಗಳ ಮುಂದೆ ತಾಯಿಯೊಂದಿಗೆ ಕಾಯುವ ಹತ್ತರ ಹುಡುಗಿ ನಿಲ್ಡಾ. ಸಾಯುವ ಮುನ್ನ ತಾಯಿ, ಮಕ್ಕಳಿಗಾಗಿ ಬದುಕಿದ ತನಗೆ ತನ್ನದೆಂಬುದು ಏನೂ ಉಳಿಯಲಿಲ್ಲವೆಂದು ಮಗಳಿಗೆ ಹೇಳುವ ಪ್ರಸಂಗ ಮರೆಯಲಾಗದ್ದು. ಚಿತ್ರಕಲಾವಿದೆಯೂ ಆಗಿದ್ದ ಮೋರ್ ಪುಸ್ತಕದ ಚಿತ್ರಗಳನ್ನೂ ತಾವೇ ಬರೆದರು. ಇಂದು ಈ ಕೃತಿಗೆ ಸಲ್ಲಬೇಕಾದಷ್ಟು ಓದುಗರಿಲ್ಲ. ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರದಿಂದ ಪಾರಾಗಿ ನ್ಯೂಯಾರ್ಕ್ ಸೇರಿದ ನಾಲ್ವರು ಅಕ್ಕತಂಗಿಯರ ಬಗ್ಗೆ ಹೂಲಿಯಾ ಆಲ್ವಾರೆಸ್ ಬರೆದ ಕಾದಂಬರಿ 1991ರಲ್ಲಿ ಬಂದಿತು. ಎಸ್ಮೆರಾಲ್ಡಾ ಸ್ಯಾಂಟಿಯಾಗೊ ಪೋರ್ಟೊ ರಿಕೊದ ಹಳ್ಳಿಯಿಂದ ಬ್ರೂಕ್ಲಿನ್‌ಗೆ ಬಂದ ತಮ್ಮ ಬಾಲ್ಯವನ್ನು 1993ರಲ್ಲಿ ಆತ್ಮಕಥನವಾಗಿಸಿದರು.

ನಂತರದ ಪೀಳಿಗೆಯ ದನಿ ಇನ್ನೂ ಖಾರವಾಗಿದೆ. 2017ರಲ್ಲಿ ಪ್ರಕಟವಾದ ಎರಿಕಾ ಸ್ಯಾಂಚೆಸ್ ಅವರ ಕಾದಂಬರಿಯ ನಾಯಕಿ ಹೂಲಿಯಾ ಕೂಡ ಷಿಕಾಗೋದವಳೇ. ಅಪಘಾತದಲ್ಲಿ ತೀರಿಕೊಂಡ ಅಕ್ಕ ಮನೆಯವರ ಕಣ್ಣಿನಲ್ಲಿ ಕುಂದಿಲ್ಲದ ಮೆಕ್ಸಿಕನ್ ಮಗಳು. ತಾನು ಹಾಗಲ್ಲವೆಂಬುದನ್ನು ತಂಗಿ ಮುಚ್ಚಿಡುವುದಿಲ್ಲ. ಎಸ್ಪೆರಾನ್ಸಾ ಸೂಚ್ಯವಾಗಿ ಹೇಳಿದ್ದನ್ನು, ಮನಸ್ಸಿನ ಕಾಯಿಲೆಯನ್ನೂ ಸೇರಿಸಿ, ಹೂಲಿಯಾ ಕೂಗಿ ಹೇಳುತ್ತಾಳೆ. ಎಲಿಜಬೆತ್ ಅಸೆವೆಡೊ ಅವರ 'ದಿ ಪೊಯೆಟ್ ಎಕ್ಸ್' ಪದ್ಯರೂಪದ ಕಾದಂಬರಿ. ಹಾರ್ಲೆಮ್‌ನ ಡೊಮಿನಿಕನ್ ಹುಡುಗಿ ಸಿಯೊಮಾರಾ, ದೈವಭಕ್ತೆಯಾದ ತಾಯಿ ಸುಟ್ಟುಹಾಕಿದ ಕವಿತೆಯ ಪುಸ್ತಕದ ಬೂದಿಯಿಂದ ಎದ್ದು ವೇದಿಕೆಯೇರುತ್ತಾಳೆ. ಇದಕ್ಕೆ 2018ರ ನ್ಯಾಷನಲ್ ಬುಕ್ ಅವಾರ್ಡ್ ಹಾಗೂ 2019ರ ಬ್ರಿಟನ್ನಿನ ಕಾರ್ನೆಗಿ ಪದಕ ಸಂದವು.

ಪಠ್ಯದಿಂದ ಹೊರಗೆ

ಈಗ 2012ರ ಪ್ರಸಂಗ. ಅರಿಜೋನಾ ರಾಜ್ಯದ ಟೂಸಾನ್ ನಗರದ ಸರ್ಕಾರಿ ಶಾಲೆಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನವೆಂಬ ಪಠ್ಯಕ್ರಮ ನಡೆಯುತ್ತಿತ್ತು. ತಮ್ಮ ಜನರ ಚರಿತ್ರೆ ಮತ್ತು ಸಾಹಿತ್ಯವನ್ನು ಮಕ್ಕಳು ಅಲ್ಲಿ ಓದುತ್ತಿದ್ದರು. ಮ್ಯಾಂಗೋ ಬೀದಿಯೂ ಓದಿನ ಪಟ್ಟಿಯಲ್ಲಿತ್ತು. ಇಂಥ ಪಾಠ ಜನಾಂಗದ್ವೇಷ ಬೆಳೆಸುತ್ತದೆಂಬ ನೆಪದಲ್ಲಿ ರಾಜ್ಯವು 2010ರಲ್ಲಿ ಕಾಯ್ದೆಯೊಂದನ್ನು ಜಾರಿಗೆ ತಂದಿತು. ಪಠ್ಯಕ್ರಮ ನಿಲ್ಲಿಸದಿದ್ದರೆ ಸರ್ಕಾರಿ ಅನುದಾನದಲ್ಲಿ ಶೇ. 10ರಷ್ಟು ಕಡಿತವೆಂಬ ಬೆದರಿಕೆಗೆ ಮಣಿದ ಶಾಲಾ ಮಂಡಳಿ ಅದನ್ನು ಕೈಬಿಟ್ಟಿತು. ಕೆಲವು ಪುಸ್ತಕಗಳನ್ನು ತರಗತಿಗಳಿಂದ ಪೆಟ್ಟಿಗೆಗಳಲ್ಲಿ ತುಂಬಿ ಸಾಗಿಸಲಾಯಿತು.

ಹ್ಯೂಸ್ಟನ್‌ನ ಲೇಖಕ ಟೋನಿ ಡಿಯಾಸ್ ಮತ್ತು ಸಂಗಾತಿಗಳು ಅದೇ ವರ್ಷದ ಮಾರ್ಚ್‌ನಲ್ಲಿ 'ಲಿಬ್ರೊತ್ರಾಫಿಕಾಂತೆ', ಅಂದರೆ ಪುಸ್ತಕ ಕಳ್ಳಸಾಗಣೆದಾರರು, ಎಂಬ ವ್ಯಂಗ್ಯದ ಹೆಸರಿಟ್ಟುಕೊಂಡು ಬಸ್ಸಿನಲ್ಲಿ ಈ ಪುಸ್ತಕಗಳನ್ನು ಹೇರಿಕೊಂಡು ಟೂಸಾನ್‌ಗೆ ಹೊರಟರು. ದಾರಿಯ ಊರುಗಳಲ್ಲಿ ಪುಟ್ಟ ಗ್ರಂಥಾಲಯಗಳನ್ನು ತೆರೆದರು. ಸಿಸ್ನೆರೋಸ್ ಅವರೂ ಜೊತೆಗೂಡಿದರು. 2017ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶ ವಾಲೇಸ್ ತಶಿಮಾ, ಕಾಯ್ದೆಯ ಹಿಂದೆ ಜನಾಂಗೀಯ ದುರುದ್ದೇಶವಿತ್ತೆಂದು ಹೇಳಿ, ಅದು ವಿದ್ಯಾರ್ಥಿಗಳ ಸಾಂವಿಧಾನಿಕ ಹಕ್ಕುಗಳನ್ನು ಉಲ್ಲಂಘಿಸಿದೆಯೆಂದು ತೀರ್ಪಿತ್ತರು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. 2012ರಲ್ಲಿ ಆ ತರಗತಿಯಲ್ಲಿ ಕುಳಿತಿದ್ದ ಮಕ್ಕಳ ಪಾಲಿಗೆ ಶಾಲೆ ಮುಗಿದೇ ಹೋಗಿತ್ತು.

ಸಿಸ್ನೆರೋಸ್‌ಗೆ ತಮ್ಮದೇ ಮನೆಯ ಕನಸು ನನಸಾದದ್ದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಅಲ್ಲೂ ತಕರಾರು ತಪ್ಪಲಿಲ್ಲ. ಪಾರಂಪರಿಕ ಬಡಾವಣೆಯ ಆ ಮನೆಗೆ ಅವರು 1997ರಲ್ಲಿ ಗಾಢ ನೇರಳೆ ಬಣ್ಣ ಬಳಿಸಿದಾಗ, ಇದು ಇತಿಹಾಸಕ್ಕೆ ಒಪ್ಪುವ ಬಣ್ಣವಲ್ಲವೆಂದು ನಗರದ ಸಮಿತಿ ತಡೆಯಿತು. ಯಾರ ಇತಿಹಾಸ ಎಂದು ಅವರು ಮರುಪ್ರಶ್ನೆ ಹಾಕಿದರು. ಮೆಕ್ಸಿಕನ್ ಜನರ ಬಣ್ಣಗಳೂ ಈ ಊರಿನ ಚರಿತ್ರೆಯೇ ಎಂದು ವಾದಿಸಿದರು. ಕಡೆಗೆ ಟೆಕ್ಸಸ್‌ನ ಬಿಸಿಲೇ ಬಣ್ಣವನ್ನು ತಿಳಿಗೊಳಿಸಿ ಜಗಳ ತಣಿಸಿತು. ಬಳಿಕ ಅವರು ಮೆಕ್ಸಿಕೊದ ಸ್ಯಾನ್ ಮಿಗೆಲ್ ದೆ ಅಯೆಂದೆಯಲ್ಲಿ ನೆಲೆಸಿದರು. ತಂದೆ ಉತ್ತರಕ್ಕೆ ಬಂದ ದಾರಿಯಲ್ಲಿ ಮಗಳು ದಕ್ಷಿಣಕ್ಕೆ ಮರಳಿದಂತಾಯಿತು. 2016ರಲ್ಲಿ ಅಧ್ಯಕ್ಷ ಒಬಾಮ ಅವರಿಂದ ರಾಷ್ಟ್ರೀಯ ಕಲಾ ಪದಕ ಸ್ವೀಕರಿಸಿದರು. 2022ರಲ್ಲಿ ಹೊಸ ಕವನ ಸಂಕಲನ ಬಂದಿತು.

2025ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಗ್ಲಿಮರ್‌ಗ್ಲಾಸ್ ಉತ್ಸವದಲ್ಲಿ 'ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್' ಆಪರಾ ರೂಪದಲ್ಲಿ ಮೊದಲ ಬಾರಿ ರಂಗವೇರಿತು. ಸಂಗೀತ ಡೆರೆಕ್ ಬರ್ಮೆಲ್ ಅವರದು. ಸಾಹಿತ್ಯವನ್ನು ಸಿಸ್ನೆರೋಸ್ ಅವರೊಡನೆ ಸೇರಿ ರಚಿಸಿದರು. ಮ್ಯಾಂಗೋ ಬೀದಿಯ ಅಡುಗೆಮನೆಯಲ್ಲಿ ಆಪರಾ ಹಾಡಬಲ್ಲವಳೆಂದು ಹೇಳಿಕೊಂಡಿದ್ದ ಅಮ್ಮನ ಕಥೆ ಹೀಗೆ ನಲವತ್ತೊಂದು ವರ್ಷಗಳ ತರುವಾಯ ಆಪರಾ ವೇದಿಕೆಗೇ ಬಂದು ಸೇರಿತು.